ಮಾಗಡಿ ಕೆರೆಗೆ ಬಂದಿಳಿಯುವ ಹೆಬ್ಬಾತುಗಳು

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲೊಂದು. ಬೆಂಗಳೂರಿನ ಬಳಿಯ ಮಾಗಡಿಗೂ ಇದಕ್ಕೂ ಸಂಬಂಧವಿಲ್ಲ. ನೀರಾವರಿಗೆಂದು ಮಳೆನೀರು ಹಿಡಿದಿಡಲು ಕಟ್ಟಿದ ಈ ಕೆರೆಯ ವಿಸ್ತಾರ ಸುಮಾರು 50 ಹೆಕ್ಟೇರ್ ಮಾತ್ರ. ಇಷ್ಟು ಚಿಕ್ಕ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿ ಸೇರಿದ್ದರಲ್ಲಿ ಈ ಹಕ್ಕಿಗಳ ಪಾಲು ದೊಡ್ಡದು.

ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ: ಹೆಸರು ಬಂದದ್ದು ಅದರಿಂದಲೇ. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಹೆಬ್ಬಾತುಗಳು ನೀರು ಹೆಪ್ಪುಗಟ್ಟುವ ಮೊದಲೇ ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತವೆ. ಏಳು ಸಾವಿರ ಮೀಟರಿಗೂ ಮಿಕ್ಕಿದ ಎತ್ತರದಲ್ಲಿ ಇವು ಹಾರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲ ರಕ್ತದ ಹಿಮೋಗ್ಲೋಬಿನ್ ಇವುಗಳ ಬಲ. ಆದರೂ ಅವು ಸದಾ ಎತ್ತರದಲ್ಲೇ ಇರುವುದಿಲ್ಲ. ಬೆಟ್ಟದ ಏರಿಳಿತವನ್ನೇ ಅನುಸರಿಸಿ, ಹೆಚ್ಚಾಗಿ ತಂಪು ಹೊತ್ತಿನಲ್ಲಿ ಹಾರಿ ಶ್ರಮ ಉಳಿಸಿಕೊಳ್ಳುತ್ತವೆ.

ಮಾಗಡಿಯಲ್ಲಿ ಇವುಗಳ ಕಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ಹೆಬ್ಬಾತಿಗೆ ಕೆರೆ ವಿಶ್ರಾಂತಿಯ ಜಾಗ, ಊಟ ಹೊಲದಲ್ಲಿ. ಹುಲ್ಲು, ಎಳೆಯ ಪೈರು, ಕೊಯ್ಲಿನ ನಂತರ ನೆಲದಲ್ಲುಳಿದ ಕಾಳುಗಳನ್ನು ರಾತ್ರಿಯಲ್ಲೂ ನಸುಕಿನಲ್ಲೂ ಮೇಯುತ್ತವೆ. ಹಾಗಾಗಿ ಸುತ್ತಲಿನ ರೈತರ ಬೆಳೆ ಮತ್ತು ಸಹನೆ ಎರಡೂ ಇಲ್ಲದೆ ಈ ತಾಣವಿಲ್ಲ. ಕೆರೆಯನ್ನಷ್ಟೇ ಕಾಪಾಡಿದರೆ ಸಾಲದು ಎನ್ನುವುದು ಇದಕ್ಕೇ.

ನೋಡಬೇಕಾದದ್ದು ಬೆಳಗಿನ ಮರಳುವಿಕೆ. ಮೊದಲು ದೂರದಿಂದ ಮೂಗಿನಲ್ಲಿ ಕೂಗಿದಂಥ ಆಂಗ್ ಆಂಗ್ ದನಿ ಕೇಳುತ್ತದೆ. ಆಮೇಲೆ ಆಕಾಶದಂಚಿನಲ್ಲಿ ಒಂದು ಗೆರೆ ಮೂಡಿ, ಬಾಣದ ಮೊನೆಯಾಗಿ, ಕೆರೆಯ ಮೇಲೆ ಒಡೆದು ಚದುರುತ್ತದೆ. ರೆಕ್ಕೆ ಬಿಗಿಹಿಡಿದು, ಕಾಲು ಮುಂಚಾಚಿ ನೀರನ್ನು ಸೀಳುತ್ತಾ ಇಳಿಯುತ್ತವೆ. ಒಂದು ಗುಂಪು ನೆಲೆಯಾಗುವಷ್ಟರಲ್ಲಿ ಇನ್ನೊಂದರ ದನಿ. ದುರ್ಬೀನಿದ್ದರೆ ತಲೆಯ ಪಟ್ಟೆ ಇನ್ನೂ ಮೂಡದ, ಕತ್ತಿನ ಹಿಂಭಾಗ ಕಂದಾಗಿರುವ ಹಕ್ಕಿಗಳನ್ನು ಹುಡುಕಬೇಕು. ಅವು ಆ ವರ್ಷದ ಮರಿಗಳು. ಮೊದಲ ಚಳಿಗಾಲವನ್ನು ತಾಯಿ-ತಂದೆಯ ಜೊತೆಯಲ್ಲೇ ಕಳೆಯುತ್ತವೆ. ಅವು ಹೆಚ್ಚಿದ್ದರೆ ಉತ್ತರದ ಸರೋವರಗಳಲ್ಲಿ ಸಂತಾನ ಚೆನ್ನಾಗಿ ಉಳಿದಿದೆ ಎಂದರ್ಥ. ಕೊರಳಲ್ಲಿ ಸಂಖ್ಯೆಯ ಪಟ್ಟಿ ಕಂಡರೆ ಅದನ್ನು ಬರೆದಿಟ್ಟುಕೊಳ್ಳಬೇಕು: ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ.

ಬಿಸಿಲೇರಿದ ಮೇಲೆ ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿದ್ದೆ. ಸಂಜೆ ಕವಿಯುತ್ತಲೇ ಮತ್ತೆ ಹೊಲದತ್ತ.