ಚಿತ್ರಕಾರನ ಪುರುಸೊತ್ತು

ಚಿತ್ರ ಬರೆಯುವುದಕ್ಕೆ ಏನೇನು ಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ಬಣ್ಣ, ಕುಂಚ, ಕಾಗದ ಎಂದು ಮೂರು ವಸ್ತುಗಳನ್ನು ತಡವಿಲ್ಲದೆ ಹೇಳಿಬಿಡುವರು. ಈ ಮೂರೂ ಹಣ ಕೊಟ್ಟರೆ ಮಂಗಳೂರಿನ ಅಂಗಡಿಗಳಲ್ಲಿ ಸಿಗತಕ್ಕವು. ಅಂಗಡಿಯಲ್ಲಿ ಸಿಗದ ನಾಲ್ಕನೆಯದೊಂದಿದೆ. ನಮ್ಮ ಜಿಲ್ಲೆಯ ಮಾತಿನಲ್ಲಿ ಅದಕ್ಕೆ ಪುರುಸೊತ್ತು ಎಂದು ಹೆಸರು. ಬೆಳ್ತಂಗಡಿಯಂತಹ ಸಣ್ಣ ಪೇಟೆಯಲ್ಲಿದ್ದುಕೊಂಡು, ದುಡಿದು ಸಂಸಾರವನ್ನೂ ಸಾಗಿಸಿ, ಚಿತ್ರವನ್ನೂ ಬರೆಯಬೇಕೆನ್ನುವವನಿಗೆ ಅದು ಎಲ್ಲಿಂದ ದೊರೆಯಬೇಕು? ಈ ಕಾಲೇಜಿನ ಹಳೆಯ ವಿದ್ಯಾರ್ಥಿಯಾದ ನಾನು ಹಲವು ವರ್ಷಗಳಿಂದ ಇದೇ ಪ್ರಶ್ನೆಯೊಡನೆ ಬಾಳುತ್ತಿರುವುದರಿಂದ, ಸಂಪಾದಕರ ಅಪ್ಪಣೆಯಂತೆ ನನಗೆ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ನನ್ನ ವೃತ್ತಿಯ ವಿಚಾರವನ್ನು ಹೇಳಬೇಕು. ವಾರದಲ್ಲಿ ಮೂರು ದಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಅದು ಗೌರವಧನದ ಕೆಲಸ. ಉಳಿದ ದಿನಗಳಲ್ಲಿ ಅಂಗಡಿಗಳ ಗೋಡೆಬರಹ, ಶಾಲಾ ವಾರ್ಷಿಕೋತ್ಸವದ ಪರದೆ, ಚೌತಿಗೆ ಗಣಪತಿ ಮೂರ್ತಿಗಳ ಬಣ್ಣ, ಮಾರ್ನೆಮಿಗೆ ಹುಲಿವೇಷದವರ ಮೈಬಣ್ಣ. ಮನೆಯ ಹಿಂದೆ ಒಂದು ಎಕರೆಗಿಂತ ತುಸು ಕಡಮೆ ಅಡಿಕೆ ತೋಟ. ಇವೆಲ್ಲ ಹೊಟ್ಟೆಪಾಡಿನ ಬಾಬತ್ತು. ನಾನೇ ಇಷ್ಟಪಟ್ಟು, ಯಾರೂ ಕೇಳದೆ ಬರೆಯುವ ಚಿತ್ರಗಳ ಸ್ಥಳ ಬೇರೆ. ಅದು ಹಟ್ಟಿಯ ಪಕ್ಕದಲ್ಲಿ ಹಂಚು ಹೊದಿಸಿದ ಒಂದು ಕೋಣೆ. ಅದನ್ನು ಸ್ಟುಡಿಯೋ ಎಂದು ಕರೆಯುವ ಧೈರ್ಯ ನನಗಿಲ್ಲ. ನಮ್ಮೂರಲ್ಲಿ ಸ್ಟುಡಿಯೋ ಎಂದರೆ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವ ಅಂಗಡಿ ಎಂದೇ ಅರ್ಥ. ಆದುದರಿಂದ ಅದನ್ನು ಚಿತ್ರಶಾಲೆ ಎನ್ನೋಣ.

ಚಿತ್ರಕಲೆಯಲ್ಲಿ ಆಸಕ್ತಿಯಿರುವ ಹುಡುಗರಿಗೆ ಹಿರಿಯರು ಹೇಳುವ ಬುದ್ಧಿವಾದ ಸಾಮಾನ್ಯವಾಗಿ ಎರಡು ಬಗೆಯದು. ಊರು ಬಿಡು, ಇಲ್ಲವಾದರೆ ಚಿತ್ರ ಬಿಡು. ಊರು ಬಿಟ್ಟು ಗೆದ್ದವರ ನಿದರ್ಶನವೂ ನಮ್ಮ ಸಮೀಪದಲ್ಲಿಯೇ ಇದೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ವರ್ಷ ಕಲಿಸಿ, ಮುಂದೆ ಪ್ಯಾರಿಸಿಗೂ ಹೋಗಿ ಬಂದು, ಭಾರತದ ಅಗ್ರಗಣ್ಯ ಚಿತ್ರಕಾರರಲ್ಲಿ ಒಬ್ಬರೆನಿಸಿದರು. ಆದರೆ ಪುತ್ತೂರಿನಂತಹ ಸಣ್ಣ ಊರಿನಲ್ಲಿ ಹತ್ತಾರು ವರ್ಷ ನೆಲೆಸಿದ ಶಿವರಾಮ ಕಾರಂತರನ್ನು ಮರೆಯಬಾರದು. ಕಾದಂಬರಿ, ನಾಟಕ, ಯಕ್ಷಗಾನದ ಪ್ರಯೋಗ, ಮಕ್ಕಳಿಗಾಗಿ ಬಾಲಪ್ರಪಂಚ, ಸಾಲದುದಕ್ಕೆ ಚಿತ್ರರಚನೆ, ಇವೆಲ್ಲಕ್ಕೂ ಅವರಿಗೆ ಹೊತ್ತು ದೊರೆಯಿತು. ಕಾರಂತರ ಶಕ್ತಿ ನಮಗಿಲ್ಲ ಎಂಬುದು ನಿಜ. ಆದರೆ ಅವರ ದಿನಕ್ಕೂ ಇಪ್ಪತ್ತನಾಲ್ಕೇ ಗಂಟೆಗಳಿದ್ದುವು ಎಂಬುದೂ ಅಷ್ಟೇ ನಿಜ.

ಹೊತ್ತಿನ ಲೆಕ್ಕದಲ್ಲಿ ನನಗೆ ಪಾಠ ಹೇಳಿದವನು ಚಿತ್ರಕಾರನಲ್ಲ, ಆಂಗ್ಲ ಕಾದಂಬರಿಕಾರ ಆಂಟನಿ ಟ್ರಾಲಪ್. ಅವನು 1867ರ ವರೆಗೆ ಅಂಚೆ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಶಬ್ದಗಳಂತೆ ಬರೆದು, ಆಮೇಲೆ ಕೆಲಸಕ್ಕೆ ಹೊರಡುವುದು ಅವನ ಕ್ರಮ. ತನ್ನನ್ನು ಎಬ್ಬಿಸಿ ಕಾಫಿ ಕೊಡುವ ಸೇವಕನಿಗೆ ಅದಕ್ಕೆಂದೇ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದನಂತೆ. ಹೀಗೆ ಬರೆದ ಕಾದಂಬರಿಗಳು 47. ಸ್ಫೂರ್ತಿ ಬಂದಾಗ ಬರೆಯುತ್ತೇನೆ ಎನ್ನುವವರಿಗೆ ಈ ಕ್ರಮ ಒಗ್ಗದಿರಬಹುದು. ನನಗಂತೂ ಸ್ಫೂರ್ತಿ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ಬರುವ ಸ್ವಭಾವದ್ದು. ಅದನ್ನು ಕಾಯ್ದು ಪ್ರಯೋಜನವಿಲ್ಲ.

ನನ್ನ ಹೊತ್ತು ಬೆಳಗಿನ ನಾಲ್ಕೂವರೆಯಿಂದ ಆರರ ವರೆಗೆ, ವಾರಕ್ಕೆ ಐದು ದಿನ. ವಾರಕ್ಕೆ ಏಳೂವರೆ ಗಂಟೆಯಾಯಿತು. ಮದುವೆ, ಮುಂಜಿ, ಕೋಲ, ಕಾಯಿಲೆ ಎಂದು ವರ್ಷದಲ್ಲಿ ಹನ್ನೆರಡು ವಾರ ಕಳೆದರೂ ನಲವತ್ತು ವಾರ ಉಳಿಯುತ್ತವೆ. ಒಟ್ಟು 300 ಗಂಟೆ. ನನ್ನ ಒಂದು ಮಧ್ಯಮ ಗಾತ್ರದ ಚಿತ್ರಕ್ಕೆ ಸುಮಾರು 30 ಗಂಟೆ ಹಿಡಿಯುತ್ತದೆ. ಅಂದರೆ ವರ್ಷಕ್ಕೆ ಹತ್ತು ಚಿತ್ರ. ಎರಡು ವರ್ಷಕ್ಕೆ ಒಂದು ಪ್ರದರ್ಶನಕ್ಕೆ ಬೇಕಾದಷ್ಟು. ಇದರಲ್ಲಿ ಒಂದು ತೊಡಕಿದೆ. ಆ ಹೊತ್ತಿನಲ್ಲಿ ಬೆಳಕಿಲ್ಲ, ದೀಪದ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ರಾತ್ರಿ ಹಸುರೆಂದು ಹಚ್ಚಿದ್ದು ಹಗಲು ನೀಲಿಯಾಗಿ ಕಂಡೀತು. ಆದುದರಿಂದ ಬೆಳಗಿನ ಹೊತ್ತನ್ನು ರೇಖೆಗೆ, ನೆರಳು-ಬೆಳಕಿನ ವಿನ್ಯಾಸಕ್ಕೆ, ಕ್ಯಾನ್ವಾಸಿಗೆ ಬಿಳಿ ಲೇಪ ಹಚ್ಚುವುದಕ್ಕೆ ಇಟ್ಟುಕೊಂಡು, ಬಣ್ಣದ ಕೆಲಸವನ್ನು ರವಿವಾರದ ಹಗಲಿಗೆ ಬಿಡುತ್ತೇನೆ. ಹೊತ್ತಿಗೆ ತಕ್ಕ ಕೆಲಸವನ್ನು ಆರಿಸಿಕೊಂಡರೆ ಅರ್ಧ ಗಂಟೆಯೂ ವ್ಯರ್ಥವಾಗುವುದಿಲ್ಲ.

ದಿನದ ಲೆಕ್ಕ ಇಷ್ಟಾದರೆ, ವರ್ಷದ ಲೆಕ್ಕವನ್ನು ನಾವು ಯಕ್ಷಗಾನದವರಿಂದ ಕಲಿಯಬೇಕು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24 ಅಥವಾ 25ರ ಸುಮಾರಿಗೆ, ಪತ್ತನಾಜೆ. ಮಳೆಗಾಲ ಕಳೆದು ತಿರುಗಾಟಕ್ಕೆ ಹೊರಟ ಮೇಳಗಳು ಅಂದಿಗೆ ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳೂ ನಿಲ್ಲುತ್ತವೆ. ಆಮೇಲೆ ಕಲಾವಿದ ತನ್ನ ಮನೆಯವನು. ಗದ್ದೆ ತೋಟ ನೋಡಿಕೊಳ್ಳುವುದು, ಓದುವುದು, ಮುಂದಿನ ಪ್ರಸಂಗದ ತಯಾರಿ, ಎಲ್ಲಕ್ಕೂ ಆ ತಿಂಗಳುಗಳೇ. ಮೂಡಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು (1938–2023) ಕಟೀಲು ಮೇಳದ ಭಾಗವತಿಕೆಯ ಹೊರೆಯನ್ನು ಹೊತ್ತಿದ್ದರೂ ಹತ್ತಾರು ಪ್ರಸಂಗಗಳನ್ನು ರಚಿಸಿದರು. ರಾತ್ರಿಯಿಡೀ ಹಾಡಿ ಬಂದವರಿಗೆ ಬರೆಯುವ ಹೊತ್ತೂ ಉಂಟು ಎನ್ನುವುದಾದರೆ, ಹಗಲು ಶಾಲೆಗೆ ಹೋಗಿ ಬರುವ ನಮಗೆ ಇಲ್ಲ ಎನ್ನಲು ನಾಲಗೆ ಹೇಗೆ ಏಳಬೇಕು?

ನನ್ನ ವರ್ಷವೂ ಪತ್ತನಾಜೆಯನ್ನು ಅನುಸರಿಸಿಯೇ ನಡೆಯುತ್ತದೆ. ಸುಗ್ಗಿಯ ಅನಂತರದ ಬಿಸಿಲು ತಿಂಗಳುಗಳು ಜಾತ್ರೆ, ಬ್ರಹ್ಮಕಲಶ, ವಾರ್ಷಿಕೋತ್ಸವಗಳ ಕಾಲ; ಕೈತುಂಬ ಕೂಲಿಯ ಕೆಲಸ. ಮಳೆ ಹಿಡಿದ ಮೇಲೆ ಗೋಡೆಬರಹ ಸಾಧ್ಯವಿಲ್ಲ, ಗಿರಾಕಿಗಳೂ ಬರುವುದಿಲ್ಲ. ಹಾಗೆಂದು ಮಳೆಗಾಲ ಪೂರ್ಣ ಬಿಡುವೂ ಅಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಗಳಿಗೊಮ್ಮೆ ಸಿಂಪಡಿಸಲೇಬೇಕು. ಆದರೆ ಔಷಧಿ ಬಿಡುವುದಕ್ಕೆ ಮಳೆ ಬಿಟ್ಟ ದಿನ ಬೇಕು. ಮಳೆ ಬಿಟ್ಟಿತೆಂದರೆ ತೋಟ, ಮಳೆ ಹಿಡಿಯಿತೆಂದರೆ ಚಿತ್ರಶಾಲೆ. ಆಟಿಯ ಮಳೆ ಚಾರ್ಮಾಡಿಯ ಕಡೆಯಿಂದ ಇಳಿದು, ಗಡಾಯಿಕಲ್ಲು ಕಣ್ಣಿಗೆ ಕಾಣದಂತಾದರೆ, ಆ ದಿನ ನನ್ನದು ಎಂದು ನಿಶ್ಚಯ.

ಮಳೆಗಾಲಕ್ಕೆ ತನ್ನದೇ ಆದ ಕಷ್ಟಗಳಿವೆ. ಈಗಷ್ಟೇ ಚಿತ್ರ ಕಲಿಯುತ್ತಿರುವವರು ಇವನ್ನು ತಿಳಿದಿರಬೇಕು. ತೈಲವರ್ಣ ಒಣಗುವುದೆಂದರೆ ಅಗಸೆಯೆಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಥಂಡಿಯಲ್ಲಿ ಈ ಕ್ರಿಯೆ ಬಲು ನಿಧಾನ. ಮೇಲೆ ಬೂಷ್ಟು ಬೇರೆ ಹಿಡಿಯುತ್ತದೆ. ಕಾಗದ ನೀರು ಕುಡಿದು ಅಲೆಯಲೆಯಾಗುತ್ತದೆ. ಆದುದರಿಂದ ತೈಲವರ್ಣದ ಕೆಲಸವನ್ನು ಮಾರ್ಚ್, ಎಪ್ರಿಲ್ ತಿಂಗಳಲ್ಲಿ ಮುಗಿಸಿ, ಮಳೆಗಾಲದಲ್ಲಿ ಇದ್ದಿಲು, ಶಾಯಿ, ಅಕ್ರಿಲಿಕ್ ಬಣ್ಣಗಳನ್ನು ಬಳಸುವುದು ಲೇಸು. ಕಾಗದದ ಕಟ್ಟನ್ನು ನಾನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಡಿಗೆಮನೆಯ ಅಟ್ಟದ ಮೇಲಿಡುತ್ತೇನೆ. ಒಲೆಯ ಬಿಸಿ ಹಪ್ಪಳ, ಸಾಂತಾಣಿಗಳನ್ನು ಕಾಯುವಂತೆ ಅದನ್ನೂ ಕಾಯುತ್ತದೆ.

ಅಡಿಗೆಮನೆಯ ಮಾತು ಬಂತು. ಇಲ್ಲೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾಗದು. ನಾನು ನಾಲ್ಕೂವರೆಗೆ ಚಿತ್ರಶಾಲೆಗೆ ಹೋದರೆ, ಹಸುವಿಗೆ ಅಕ್ಕಚ್ಚು ಕೊಟ್ಟು ಹಾಲು ಕರೆಯುವವರಾರು? ಮಕ್ಕಳನ್ನು ಎಬ್ಬಿಸಿ ಶಾಲೆಗೆ ಸಿದ್ಧಗೊಳಿಸುವವರಾರು? ನನ್ನ ಹೆಂಡತಿ. ಕಲಾವಿದನ ತಪಸ್ಸು ಎಂದು ನಾವು ಹೊಗಳುವುದರ ಬೆಲೆಯನ್ನು ಹೆಚ್ಚಾಗಿ ಮನೆಯ ಹೆಂಗಸು ತೆರುತ್ತಾಳೆ. ಅವಳ ಹೆಸರು ಚಿತ್ರದ ಮೂಲೆಯಲ್ಲಿ ಬರುವುದಿಲ್ಲ. ಟ್ರಾಲಪ್ ತನ್ನ ಸೇವಕನಿಗೆ ಐದು ಪೌಂಡು ಕೊಟ್ಟನೆಂಬುದನ್ನು ಓದಿದಾಗ ನಾನು ಈ ವಿಚಾರವನ್ನು ಮನೆಯಲ್ಲಿ ಎತ್ತಿದೆ. "ದುಡ್ಡು ಬೇಡ, ನನಗೂ ಅಷ್ಟೇ ಹೊತ್ತು ಕೊಡಿ" ಎಂದಳು. ಅವಳು ಸಂಗೀತ ಕಲಿತವಳು. ಮದುವೆಯ ಬಳಿಕ ಶ್ರುತಿಪೆಟ್ಟಿಗೆ ಅಟ್ಟ ಸೇರಿತ್ತು. ಈಗ ಸಂಜೆ ಆರರಿಂದ ಏಳೂವರೆ ಅವಳ ಹೊತ್ತು. ಆಗ ಗಂಜಿಗೆ ನೀರಿಡುವುದು, ಮಕ್ಕಳ ಮಗ್ಗಿ ಕೇಳುವುದು, ಬಂದ ನೆಂಟರಿಗೆ ಬೆಲ್ಲ ನೀರು ಕೊಡುವುದು ನನ್ನ ಪಾಲಿನ ಕೆಲಸ. ಈ ಏರ್ಪಾಡು ಇಲ್ಲದಿದ್ದರೆ ನನ್ನ 300 ಗಂಟೆಗಳ ಲೆಕ್ಕ ಕಾಗದದ ಮೇಲೆಯೇ ಉಳಿಯುತ್ತಿತ್ತು. ಒಬ್ಬನ ಪುರುಸೊತ್ತು ಮತ್ತೊಬ್ಬರ ದುಡಿಮೆಯಿಂದ ಹುಟ್ಟುತ್ತದೆ. ಅದನ್ನು ಹಿಂದಿರುಗಿಸುವವನಿಗೆ ಮಾತ್ರ ಅದು ಬಹುಕಾಲ ದಕ್ಕುತ್ತದೆ ಎಂಬುದು ನನ್ನ ಅನುಭವ.

ಇನ್ನು ಊರಿನವರ ಬೇಡಿಕೆ. ಸಣ್ಣ ಪೇಟೆಯಲ್ಲಿ ಚಿತ್ರಗಾರನೆಂದರೆ ಎಲ್ಲರ ಮನೆಯವನು. "ಮಾಷ್ಟ್ರೇ, ಭಜನಾಮಂದಿರದ ಗೋಡೆಗೆ ಒಂದು ಶಾರದೆ, ನಿಮಗೇನು ಅರ್ಧ ಗಂಟೆಯ ಕೆಲಸ" ಎಂದು ದಾರಿಯಲ್ಲಿ ತಡೆಯುವವರು ಬಹಳ. ಆಗದು ಎಂದರೆ ಅಹಂಕಾರಿ ಎನ್ನುವರು. ಆಗಲಿ ಎಂದರೆ ರವಿವಾರ ಹೋಯಿತು. ನಾನು ಒಂದು ಪುಸ್ತಕವನ್ನು ಇಟ್ಟಿದ್ದೇನೆ. ಯಾರು ಕೇಳಿದರೂ ಅದನ್ನು ಬಿಚ್ಚಿ, ಖಾಲಿಯಿರುವ ಶನಿವಾರದ ಸಂಜೆಯೊಂದನ್ನು ಅವರೆದುರಿಗೇ ಬರೆದುಕೊಂಡು, ಬಣ್ಣದ ಖರ್ಚು ಇಷ್ಟು, ಕೂಲಿ ಇಷ್ಟು ಎಂದು ಹೇಳುತ್ತೇನೆ. ನಿಜವಾಗಿ ಬೇಕಾದವರು ಒಪ್ಪುತ್ತಾರೆ. ಮಾತಿಗೆ ಕೇಳಿದವರು ನಗುತ್ತ ಹೋಗುತ್ತಾರೆ. ಎರಡೂ ಕಡೆ ಸ್ನೇಹ ಕೆಡುವುದಿಲ್ಲ.

ಕೂಲಿಯ ಕೆಲಸವನ್ನು ಕೀಳೆಂದು ಎಣಿಸುವುದೂ ಸರಿಯಲ್ಲ. ಫ್ಲೆಕ್ಸ್ ಮುದ್ರಣ ಬಂದ ಮೇಲೆ ಕೈಬರಹದ ಫಲಕಗಳು ಬಹುಮಟ್ಟಿಗೆ ಮಾಯವಾದುವು. ಕುಂಚ ಹಿಡಿದು ಬದುಕುತ್ತಿದ್ದ ಅನೇಕರು ಬೇರೆ ಉದ್ಯೋಗ ಹಿಡಿದರು. ಉಳಿದ ನಮಗೆ ಯಂತ್ರ ಮಾಡಲಾರದ ಕೆಲಸಗಳಷ್ಟೇ ಆಧಾರ. ಹುಲಿವೇಷಕ್ಕೆ ಬಣ್ಣ ಹಚ್ಚುವಾಗ ಪಟ್ಟೆಯೊಂದು ಬೆನ್ನಿನಿಂದ ಪಕ್ಕೆಗೆ ಹೇಗೆ ತಿರುಗುತ್ತದೆ, ಉಸಿರೆಳೆದಾಗ ಹೇಗೆ ಹಿಗ್ಗುತ್ತದೆ ಎಂಬುದನ್ನು ಕಂಡವನಿಗೆ ಶರೀರದ ಉಬ್ಬುತಗ್ಗುಗಳ ಪಾಠ ಬೇರೆ ಬೇಕಾಗದು. ಹೆಬ್ಬಾರರ ತಂದೆಯವರೂ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದವರೇ; ದೊಡ್ಡ ಕಲೆಯ ಬೇರು ಇಂತಹ ಮಣ್ಣಿನಲ್ಲಿರುವುದುಂಟು.

ಇಷ್ಟೆಲ್ಲ ಏರ್ಪಾಡುಗಳೂ ಮುರಿದು ಬೀಳುವ ಕಾಲ ಬರುತ್ತದೆ. ನನ್ನ ತಾಯಿ ಹಾಸಿಗೆ ಹಿಡಿದ ಹದಿನಾಲ್ಕು ತಿಂಗಳು ನಾನು ಚಿತ್ರಶಾಲೆಯ ಬಾಗಿಲು ತೆರೆದುದು ಕಡಮೆ. ರಾತ್ರಿ ಎರಡೆರಡು ಸಲ ಮಗ್ಗುಲು ಬದಲಾಯಿಸಬೇಕು. ಬೆಳಗಿನ ನಾಲ್ಕೂವರೆಗೆ ಕಣ್ಣು ಬಿಡಲಾಗದು. ಕುಂಚವನ್ನು ಇನ್ನು ಹಿಡಿಯುವೆನೋ ಇಲ್ಲವೋ ಎಂಬ ಭಯ ಆಗ ನನ್ನನ್ನು ಕಾಡಿದ್ದುಂಟು. ಆ ಕಾಲದಲ್ಲಿ ನನಗೆ ನೆನಪಾದುದು ಮೂಡಬಿದಿರೆಯ ಜೈನಮಠದ ತಾಳೆಗರಿಗಳು. ಹನ್ನೆರಡನೆಯ ಶತಮಾನದ ಧವಲಾ ಗ್ರಂಥದ ಪ್ರತಿಗಳಲ್ಲಿ ಗರಿಯ ಅಗಲದೊಳಗೇ, ಕೆಲವೇ ಅಂಗುಲಗಳಲ್ಲಿ, ಚಿತ್ರಕಾರರು ಜಿನನನ್ನೂ ದೇವಿಯರನ್ನೂ ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಸ್ಥಳ ಸಣ್ಣದಾದರೆ ಚಿತ್ರವೂ ಸಣ್ಣದಾಗಲಿ ಎಂದು ನಾನೂ ಅಂಗೈಯಗಲದ ಪುಸ್ತಕವೊಂದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಅಮ್ಮ ನಿದ್ದೆ ಹೋದಾಗ ಅವಳ ಕೈಗಳನ್ನು ಬರೆದೆ. ಅಡಿಕೆ ಸುಲಿದು ಸುಲಿದು ಬೆರಳ ಗಂಟುಗಳು ದಪ್ಪವಾಗಿದ್ದ ಕೈಗಳು. ಒಂದೊಂದಕ್ಕೆ ಐದು ನಿಮಿಷ, ಹತ್ತು ನಿಮಿಷ. ಅವಳು ತೀರಿಕೊಂಡ ಮೇಲೆ ಎಣಿಸಿದರೆ ನೂರ ಎಂಬತ್ತಕ್ಕೂ ಮಿಕ್ಕಿ ಇದ್ದುವು. ನನ್ನ ಚಿತ್ರಗಳಲ್ಲಿ ಮಾರಾಟಕ್ಕಿಲ್ಲ ಎಂದು ಬರೆದಿಟ್ಟಿರುವುದು ಅವು ಮಾತ್ರ.

ಚಿತ್ರದಲ್ಲಿ ಆಸೆಯಿರುವ ವಿದ್ಯಾರ್ಥಿಮಿತ್ರರಿಗೆ ನನ್ನ ಸೂಚನೆ ಇಷ್ಟೇ. ಊರು ಬಿಡುವ ಅವಕಾಶ ದೊರೆತರೆ ಸಂತೋಷದಿಂದ ಹೋಗಿ ಕಲಿತು ಬನ್ನಿ. ದೊರೆಯದಿದ್ದರೆ ಚಿತ್ರ ಬಿಡಬೇಡಿ. ಪ್ಯಾರಿಸಿನ ಸುಂಕದ ಕಟ್ಟೆಯಲ್ಲಿ ನೌಕರಿ ಮಾಡುತ್ತ ಬಿಡುವಿನಲ್ಲಿ ಬರೆಯುತ್ತಿದ್ದ ಆನ್ರಿ ರೂಸೋ ಆ ನೌಕರಿ ಬಿಟ್ಟುದು 1893ರಲ್ಲಿ, ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಅವನ ಚಿತ್ರಗಳನ್ನು ಇಂದು ಲೋಕವೆಲ್ಲ ನೋಡುತ್ತದೆ. ಗುರುವಾಯನಕೆರೆಯಿಂದ ವೇಣೂರಿನ ಮೇಲಾಗಿ ಮೂಡಬಿದಿರೆಗೆ ಬಸ್ಸುಗಳಿವೆ. ತಿಂಗಳಿಗೊಮ್ಮೆ ಸಾವಿರ ಕಂಬದ ಬಸದಿಗೆ ಹೋಗಿ ಒಂದೇ ಒಂದು ಕಂಬವನ್ನು ಬರೆದು ಬಂದರೂ ವರ್ಷಕ್ಕೆ ಹನ್ನೆರಡಾಗುತ್ತದೆ. ಕೆತ್ತನೆಯಲ್ಲಿ ಒಂದರಂತೆ ಇನ್ನೊಂದಿಲ್ಲವಾದ್ದರಿಂದ ಬೇಸರಕ್ಕೂ ಎಡೆಯಿಲ್ಲ. ಮನೆಯವರೊಡನೆ ಮಾತನಾಡಿ ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಅವರಿಗೂ ಒಂದು ಹೊತ್ತನ್ನು ಬಿಟ್ಟುಕೊಡಿ. ಬರುವ ಪತ್ತನಾಜೆಯ ಮರುದಿನದಿಂದ ನಿಮ್ಮಲ್ಲಿ ಒಬ್ಬಿಬ್ಬರಾದರೂ ಇದನ್ನು ಆರಂಭಿಸುವಂತಾಗಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.