ಕೆಜಿಎಫ್ ಕಥೆ ಯಾರು ಹೇಳಬೇಕು?

ಕೆಜಿಎಫ್ ಅಂದ ತಕ್ಷಣ ನೆನಪಾಗೋದು 2018ರ ಸಿನಿಮಾ. ಆದರೆ ಅದು ಕಲ್ಪನೆ. ನಿಜವಾಗಿ ಕೋಲಾರದ ಈ ಚಿನ್ನದ ಗಣಿಗೆ ಇಳಿದವರು ಬಂಗಾರಪೇಟೆ-ಮಾರಿಕುಪ್ಪಂ ರೈಲು ದಾರಿಯ ಊರುಗಳಲ್ಲಿ ಇನ್ನೂ ಇದ್ದಾರೆ. ತಮ್ಮ ಕಥೆಯನ್ನು ಅವರೇ ಹೇಳೋಕೆ ಒಂದು ದಾರಿಯಿದೆ. 1997ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ‘ದಿ ಮಾಥ್’ ಥರದ ಕಥಾಸಂಜೆಗಳು ಈಗ ಬೆಂಗಳೂರಿನ ಬಾರ್, ಕೆಫೆಗಳಲ್ಲೂ ನಡೆಯುತ್ತವೆ. ಕಥೆ ನಿಜವಾಗಿರಬೇಕು, ಹೇಳುವವರದ್ದೇ ಆಗಿರಬೇಕು, ಚೀಟಿ ನೋಡಿ ಓದುವಂತಿಲ್ಲ. ಇಂಥ ವೇದಿಕೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಬೇಕೇ ಬೇಕು. ಯಾಕಂದ್ರೆ ಕಡತಗಳಲ್ಲಿ ಇರೋದು ಗಣಿಯ ಲೆಕ್ಕ: 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದ ಕರೆಂಟ್ ಬಂತು, ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಆಳದ ಬಿಸಿಯಲ್ಲಿ ಪಾಳಿ ಮುಗಿಸಿದ ಮೈ ಹೇಗಿರುತ್ತಿತ್ತು, ಕೆಳಗೆ ಬಂಡೆ ಸಿಡಿದು ಮನೆಯ ಪಾತ್ರೆ ಅಲುಗಿದಾಗ ಹೆಂಡತಿ ಮೊದಲು ಎಲ್ಲಿಗೆ ಓಡಿದಳು, ಇದು ಯಾವ ಕಡತದಲ್ಲೂ ಸಿಗಲ್ಲ.

‘ನೆನಪು ಮೋಸ ಮಾಡುತ್ತೆ’ ಅನ್ನಬಹುದು. ನಿಜ. ತಾರೀಕಿಗೆ, ಸಾವಿನ ಲೆಕ್ಕಕ್ಕೆ ಕಡತವನ್ನೇ ನೋಡೋಣ. ಅನುಭವಕ್ಕೆ ಮಾತ್ರ ಅನುಭವಿಸಿದವರೇ ಸಾಕ್ಷಿ. ‘ಕುಡಿಯೋ ಜಾಗದಲ್ಲಿ ಕಷ್ಟದ ಪ್ರದರ್ಶನವಾ?’ ಈ ಆಕ್ಷೇಪ ಗಟ್ಟಿಯಾದದ್ದು. ಬಾರ್ ಆದರೆ ಹೆಂಗಸರು ಬರೋದು ಕಷ್ಟ, ಒಬ್ಬರ ಬಾಳು ಇನ್ನೊಬ್ಬರಿಗೆ ಮೋಜೂ ಆಗಬಹುದು. ಹಾಗಾಗಿ ಬಾರ್ ಬಿಟ್ಟು ಶಾಲೆಯ ಹಾಲ್ ಹಿಡಿಯೋಣ. ರೆಕಾರ್ಡಿಂಗ್ ಯಾರಿಗೆ ಕೊಡಬೇಕು ಅನ್ನೋದನ್ನು ಹೇಳಿದವರೇ ತೀರ್ಮಾನಿಸಲಿ. ಇನ್ನು ಭಾಷೆ. ಗಣಿ ಕಾರ್ಮಿಕರಲ್ಲಿ ಬಹುಪಾಲು ತಮಿಳು, ತೆಲುಗಿನವರು. ಅವರ ಮಾತಲ್ಲೇ ಹೇಳಲಿ, ಪಕ್ಕದಲ್ಲಿ ನಿಂತು ಒಬ್ಬರು ಕನ್ನಡದಲ್ಲಿ ತಿಳಿಸಲಿ. ಕೊನೆಯ ಪಾಳಿಯವರಿಗೂ ವಯಸ್ಸಾಗುತ್ತಿದೆ. ಇದಕ್ಕೆ ಅನುದಾನ ಬರಲಿ ಅಂತ ಕಾಯಬೇಕಿಲ್ಲ. ಒಂದು ಮೈಕು, ನಾಲ್ಕು ಸಾಲು ಕುರ್ಚಿ ಸಾಕು.