ನಿಮಗಿದು ಗೊತ್ತೆ? ಹಿತ್ತಲಲ್ಲೊಂದು ಹಕ್ಕಿ ಗಣತಿ

ಬ್ರಿಟನ್ನಿನಲ್ಲಿ ಪ್ರತಿವರ್ಷ ಜನವರಿ ಕೊನೆಯ ವಾರಾಂತ್ಯ ಲಕ್ಷಾಂತರ ಜನ ಕಿಟಕಿ ಬಳಿ ಕುಳಿತು, ಒಂದು ಗಂಟೆ ಹೊತ್ತು ಹಿತ್ತಲಿಗೆ ಬರುವ ಹಕ್ಕಿಗಳನ್ನು ಎಣಿಸುತ್ತಾರೆ. ‘ಬಿಗ್ ಗಾರ್ಡನ್ ಬರ್ಡ್‌ವಾಚ್’ ಎಂಬ ಈ ಗಣತಿಯನ್ನು ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ 1979ರಲ್ಲಿ ಮಕ್ಕಳಿಗಾಗಿ ಆರಂಭಿಸಿತು.

* ಒಂದೇ ಹಕ್ಕಿ ಹತ್ತು ಸಲ ಬಂದರೂ ಲೆಕ್ಕ ತಪ್ಪದು. ಒಂದು ಜಾತಿಯ ಹಕ್ಕಿಗಳು ಒಮ್ಮೆಗೇ ಗರಿಷ್ಠ ಎಷ್ಟು ಕಂಡವೋ ಅಷ್ಟನ್ನೇ ಬರೆಯಬೇಕು.

* ಎರಡು ದಶಕಗಳಿಂದ ಮೊದಲ ಸ್ಥಾನ ನಮಗೂ ಚಿರಪರಿಚಿತವಾದ ಗುಬ್ಬಚ್ಚಿಯದು. ಆದರೂ 1979ಕ್ಕೆ ಹೋಲಿಸಿದರೆ ಅದರ ಸಂಖ್ಯೆ ಅರ್ಧಕ್ಕಿಂತ ಕಡಿಮೆ.

* ಹಿತ್ತಲಿಗೆ ಬರುವ ಬ್ಲೂ ಟಿಟ್ ಹಕ್ಕಿಯ ತೂಕ ಸುಮಾರು 11 ಗ್ರಾಂ. ಅಲ್ಲಿ ಚಳಿಗಾಲದ ಹಗಲು ಎಂಟು ತಾಸಿನಷ್ಟೇ. ಅಷ್ಟರಲ್ಲಿ ತಿಂದು ಕೂಡಿಸಿದ ಕೊಬ್ಬನ್ನು ಕರಗಿಸಿಕೊಂಡೇ ಅದು ಇಡೀ ರಾತ್ರಿ ಮೈ ಬೆಚ್ಚಗಿಟ್ಟುಕೊಳ್ಳಬೇಕು. ಅದಕ್ಕಾಗಿಯೇ ಜನ ಸೂರ್ಯಕಾಂತಿ ಬೀಜ, ಕೊಬ್ಬಿನ ಉಂಡೆಗಳನ್ನು ತೂಗುಹಾಕುತ್ತಾರೆ.

* ಆದರೆ ಆಹಾರ ಇಡುವ ತಟ್ಟೆಗಳು ಕೊಳಕಾಗಿದ್ದರೆ ಹಕ್ಕಿಗಳಲ್ಲಿ ಟ್ರೈಕೊಮೊನೋಸಿಸ್ ಎಂಬ ರೋಗ ಹರಡುತ್ತದೆ. ಅಲ್ಲಿನ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಕುಸಿಯಲು ಇದೇ ಮುಖ್ಯ ಕಾರಣ.

ನೀವೂ ಹಕ್ಕಿಗಳಿಗೆ ಕಾಳು, ನೀರು ಇಡುತ್ತಿದ್ದರೆ ತಟ್ಟೆಯನ್ನು ವಾರಕ್ಕೊಮ್ಮೆಯಾದರೂ ತೊಳೆದು ಒಣಗಿಸಿ. ನೀರನ್ನು ದಿನವೂ ಬದಲಿಸಿ.